ಕ್ಯಾಮೆರಾ ‘ಸೆಟ್’ ಕೊಳ್ಳುವವರೇ, ಒಂದೇ ಸಾಲಿನ ಬಿಲ್ಲಿಗೆ ಒಪ್ಪಬೇಡಿ

ಒಬ್ಬರೇ ಕಾಡು, ಹಿನ್ನೀರು ಸುತ್ತುತ್ತ, ತಮ್ಮ ನಡಿಗೆಯನ್ನೂ ಕಣ್ಣಿಗೆ ಬಿದ್ದ ಪ್ರಾಣಿಪಕ್ಷಿಗಳನ್ನೂ ತಾವೇ ವಿಡಿಯೊ ಮಾಡುವ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಗೆಳೆಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಬೆಳಗಾವಿಯ ಒಂದು ಅಂಗಡಿ ನಮ್ಮಂಥವರಿಗೆಂದೇ ಬ್ಯಾಗು, ಕ್ಯಾಮೆರಾ, ಮೆಮೊರಿ ಕಾರ್ಡು ಎಲ್ಲವನ್ನೂ ಒಟ್ಟುಗೂಡಿಸಿ ‘ಸೆಟ್’ ಎಂದು ಮಾರುತ್ತಿದೆ. ಒಂದು ಲಕ್ಷ ರೂಪಾಯಿಗೂ ಮೀರಿ ಹಣ ಎಣಿಸಿ ಕೊಟ್ಟು ನಾನು ಅಲ್ಲಿ ಮೋಸ ಹೋಗಿದ್ದೇನೆ. ದೂರು ಗ್ರಾಹಕರ ಆಯೋಗಕ್ಕೆ ಹೋಗಿರುವುದರಿಂದ ಅಂಗಡಿಯ ಹೆಸರನ್ನು ಬರೆಯುವುದಿಲ್ಲ. ಮೋಸ ನಡೆದ ರೀತಿಯನ್ನು ಮಾತ್ರ ಒಂದನ್ನೂ ಬಿಡದೆ ಹೇಳುತ್ತೇನೆ.

ಮೊದಲು ಬ್ಯಾಗಿನ ಮಾತು. “ಸರ, ಇದು ಅಮೆರಿಕಾದಾಗ ಬ್ಯಾಟಿ ಆಡೋರು ಹೊರೋ ಬ್ಯಾಗ್ ರೀ, ನಲವತ್ತು ಕೆಜಿ ಹಾಕಿದ್ರೂ ಏನೂ ಆಗಂಗಿಲ್ಲ” ಎಂದು ಮಾಲೀಕರು ತಾವೇ ಹೆಗಲಿಗೇರಿಸಿ ತೋರಿಸಿದರು. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಷೇಧಿಸಿದೆ, ನನಗೆ ಬೇಕಾದದ್ದು ಬೇಟೆಯೂ ಅಲ್ಲ. ಆದರೆ ಅಲ್ಲಿಯ ಬೇಟೆಗಾರರು ಒಬ್ಬರೇ ಗುಡ್ಡ ಹತ್ತಿ ತಮ್ಮನ್ನು ತಾವೇ ಚಿತ್ರಿಸಿಕೊಳ್ಳುವಾಗ ಬಳಸುವ ಬ್ಯಾಗು ಎಷ್ಟು ಗಟ್ಟಿಯೆಂಬುದನ್ನು ನಾನು ಬಲ್ಲೆ. ಅದರಲ್ಲಿ ಬೆನ್ನಿನುದ್ದಕ್ಕೂ ಗಡುಸಾದ ಫ್ರೇಮು ಇರುತ್ತದೆ, ಚೀಲವನ್ನು ಫ್ರೇಮಿನಿಂದ ಸಡಿಲಿಸಿ ನಡುವೆ ಮಾಂಸದ ಹೊರೆಯನ್ನೇ ಬಿಗಿದು ತರುತ್ತಾರೆ, ಅಗಲವಾದ ಸೊಂಟಪಟ್ಟಿ ಭಾರದ ಹೆಚ್ಚಿನ ಪಾಲನ್ನು ಹೆಗಲಿನಿಂದ ಸೊಂಟಕ್ಕೆ ಇಳಿಸುತ್ತದೆ. 150-600 ಮಿ.ಮೀ. ಲೆನ್ಸ್ ಒಂದೇ ಸುಮಾರು ಎರಡು ಕೆ.ಜಿ. ತೂಗುವಾಗ, ಅದರ ಮೇಲೆ ಟ್ರೈಪಾಡು, ಕ್ಯಾಮೆರಾವನ್ನು ನಯವಾಗಿ ತಿರುಗಿಸುವ ಫ್ಲೂಯಿಡ್ ಹೆಡ್, ಬ್ಯಾಟರಿಗಳು, ದಿನಪೂರ್ತಿಯ ನೀರು ಸೇರಿದಾಗ, ಇಂಥ ಬ್ಯಾಗು ಶೋಕಿಯಲ್ಲ, ಅಗತ್ಯ.

ಆಲಮಟ್ಟಿ ಹಿನ್ನೀರಿನ ಹೆರಕಲ್ ಬಳಿಗೆ ರಾಜಹಂಸಗಳನ್ನು ಚಿತ್ರಿಸಲು ಹೊರಟ ಮೊದಲ ಬೆಳಗಿನಲ್ಲೇ, ಕೆಸರಿನ ದಂಡೆಯಲ್ಲಿ ನಡೆಯುತ್ತಿದ್ದಾಗ ಬೆನ್ನ ಹಿಂದೆ ಏನೋ ಲಟಕ್ಕೆಂದು ಮುರಿದಂತಾಗಿ ಇಡೀ ಭಾರ ಎರಡು ಹೆಗಲಿಗೆ ಜೋತುಬಿತ್ತು. ಬ್ಯಾಗಿನ ಬೆನ್ನಿನ ಜಿಪ್ ಬಿಚ್ಚಿ ಕೈ ಹಾಕಿದರೆ ಸಿಕ್ಕದ್ದು ಫ್ರೇಮಲ್ಲ: ಚುನಾವಣೆಯಲ್ಲಿ ಕಂಬಕ್ಕೆ ಕಟ್ಟುವ ಫಲಕಗಳದೇ ಪ್ಲಾಸ್ಟಿಕ್ ಹಾಳೆ, ಒಳಗೆ ಟೊಳ್ಳು ಗೆರೆಗಳಿರುವಂಥದ್ದು, ನಡುವೆ ಮಡಚಿ ಬಿಳಿಚಿಕೊಂಡಿತ್ತು. ಸೊಂಟಪಟ್ಟಿಯನ್ನು ಆ ಹಾಳೆಗೂ ಸೇರಿಸಿರಲಿಲ್ಲ, ಬರೀ ಹೊರಬಟ್ಟೆಗೆ ಹೊಲಿದಿದ್ದರು. ನಲವತ್ತು ಕೆ.ಜಿ. ಎಂದು ಬಾಯ್ತುಂಬ ಹೇಳಿದವರ ಬ್ಯಾಗು ಅದರ ಕಾಲು ಪಾಲಿನಷ್ಟು ಭಾರಕ್ಕೇ ಮುರಿದಿತ್ತು.

ಬ್ಯಾಗಿನದು ಹಾಗಾಯಿತು, ಹಕ್ಕಿಗಳಾದರೂ ಸಿಕ್ಕವಲ್ಲ ಎಂದು ಸಮಾಧಾನ ಮಾಡಿಕೊಂಡು ಮನೆಗೆ ಬಂದು ಕಂಪ್ಯೂಟರಿಗೆ ಹಾಕಿದರೆ, ಮೊದಲ ಸುಮಾರು ನಲವತ್ತು ನಿಮಿಷದ ಚಿತ್ರಗಳು ಮಾತ್ರ ಓಡಿದವು. ಉಳಿದವುಗಳ ಹೆಸರಿದೆ, ಗಾತ್ರವಿದೆ, ಒಳಗೆ ಏನೂ ಇಲ್ಲ. 256 ಜಿಬಿ ಎಂದು ಬರೆದಿದ್ದ ಕಾರ್ಡಿನಲ್ಲಿ ನಿಜಕ್ಕೂ ಇದ್ದದ್ದು 32 ಜಿಬಿ ಜಾಗ. ಸೆಕೆಂಡಿಗೆ 100 ಮೆಗಾಬಿಟ್ ದರದಲ್ಲಿ ಫೋರ್‌ಕೆ ವಿಡಿಯೊ ಗಂಟೆಗೆ 45 ಜಿಬಿ ತಿನ್ನುತ್ತದೆ, ಹೀಗಾಗಿ ನಲವತ್ತು ನಿಮಿಷಕ್ಕೆ ಕಾರ್ಡು ತುಂಬಿಹೋಗಿತ್ತು. ಆದರೂ ಕ್ಯಾಮೆರಾಕ್ಕೆ ಜಾಗ ಇದೆ, ಇದೆ ಎಂದೇ ಅದು ಸುಳ್ಳು ಹೇಳುತ್ತಿತ್ತು. ರಾಜಹಂಸಗಳ ಹಿಂಡು ಒಮ್ಮೆಲೇ ಎದ್ದು ಗುಲಾಬಿ ರೆಕ್ಕೆ ಬಿಚ್ಚಿದ ಕ್ಷಣ ಆ ನಲವತ್ತು ನಿಮಿಷದ ಆಚೆಗಿತ್ತು. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಆದರೆ ನಾನು ಪೂರ್ತಿ ಕುಸಿದದ್ದು ಕಂಪನಿಯ ಸರ್ವಿಸ್ ಸೆಂಟರಿನಲ್ಲಿ. ಫೋಕಸ್ ಹಿಡಿಯದೆ ತೊಂದರೆ ಕೊಡುತ್ತಿದ್ದ ಕ್ಯಾಮೆರಾವನ್ನು ವಾರಂಟಿ ಇದೆಯೆಂಬ ಧೈರ್ಯದಿಂದ ಒಯ್ದಿದ್ದೆ. ಕೌಂಟರಿನ ಹುಡುಗ ಕ್ಯಾಮೆರಾವನ್ನು ತಿರುಗಿಸಿ ಅಡಿಯ ಸೀರಿಯಲ್ ನಂಬರ್ ನೋಡಿದ, ಡಬ್ಬಿಯ ಮೇಲಿನ ನಂಬರ್ ನೋಡಿದ, ಮತ್ತೆ ಕ್ಯಾಮೆರಾದ ಅಡಿ ನೋಡಿದ. ಎರಡೂ ಬೇರೆ ಬೇರೆ. ಡಬ್ಬಿ ಭಾರತದಲ್ಲಿ ಮಾರಿದ ಕ್ಯಾಮೆರಾದ್ದು, ಅದರ ಮೇಲೆ ಆಮದುದಾರರ ವಿಳಾಸ ಮತ್ತು ಬೆಲೆಯ ಚೀಟಿ ಸರಿಯಾಗಿಯೇ ಇತ್ತು. ಒಳಗಿನ ಕ್ಯಾಮೆರಾ ಹೊರದೇಶದಲ್ಲಿ ಮಾರಾಟವಾದದ್ದು, ಇಲ್ಲಿ ಅದಕ್ಕೆ ವಾರಂಟಿಯೇ ಇಲ್ಲ. “ಇದನ್ನ ಎಲ್ಲಿ ತಗೊಂಡ್ರಿ ಸರ?” ಎಂದು ಆತ ಮೆಲ್ಲಗೆ ಕೇಳಿದಾಗ, ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಕದ್ದ ಮಾಲು ಹಿಡಿದು ನಿಂತವನನ್ನು ನೋಡುವಂತಿತ್ತು ಆ ನೋಟ. ಹಣ ಕೊಟ್ಟು ಕೊಂಡವನು ನಾನು, ತಲೆ ತಗ್ಗಿಸಬೇಕಾದವನೂ ನಾನೇ ಆದೆ!

ಈಗ ಅಂಗಡಿಯವರ ಉತ್ತರಗಳನ್ನು ಓದಿ. ಬ್ಯಾಗಿನ ಬಗ್ಗೆ: “ನೀವು ಹೊರೋದು ಗೊತ್ತಿಲ್ಲದ ಹೊತ್ತೀರಿ.” ಕಾರ್ಡಿನ ಬಗ್ಗೆ: “ಅದು ಫ್ರೀ ಕೊಟ್ಟದ್ದು, ಫ್ರೀ ಮಾಲಿಗೆ ಗ್ಯಾರಂಟಿ ಇರಂಗಿಲ್ಲ.” ಫ್ರೀ ಎಂಬ ಮಾತು ಅಂದು ಅವರ ಬಾಯಿಂದ ಬಂದೇ ಇರಲಿಲ್ಲ. ಕ್ಯಾಮೆರಾದ ಬಗ್ಗೆ ಮೊದಲು, “ಡಬ್ಬಿ ಅದಲುಬದಲು ಆಗಿರತೈತ್ರಿ, ಮಾಲು ಓರಿಜಿನಲ್ ಐತಿ” ಎಂದರು. ನಾನು ಜೋರು ಮಾಡಿದಾಗ ವಾಟ್ಸ್‌ಆ್ಯಪಿನಲ್ಲಿ ಬಂದ ಉತ್ತರ ಇದು: “ಬಿಲ್ಲಿನ್ಯಾಗ ನಂಬರ್ ಎಲ್ಲೈತಿ? ಇದ ಕ್ಯಾಮೆರಾ ನಮ್ಮ ಅಂಗಡ್ಯಾಗಿಂದ ಒಯ್ದೀರಂತ ಹ್ಯಾಂಗ ಹೇಳ್ತೀರಿ?”

ಬಿಲ್ಲು ತೆಗೆದು ಮತ್ತೆ ನೋಡಿದೆ. “ಕ್ಯಾಮೆರಾ ಸೆಟ್ – 1” ಎಂಬ ಒಂದೇ ಸಾಲು. ಕೊಳ್ಳುವ ದಿನ ನಾನು ಸೀರಿಯಲ್ ನಂಬರ್ ಬರೆಯಿರಿ ಎಂದು ಕೇಳಿಯೇ ಕೇಳಿದ್ದೆ, ಆಗ “ವಾರಂಟಿ ಕಾರ್ಡಿನ ಮ್ಯಾಲ ಇರತೈತ್ರಿ ಸರ, ಬಿಲ್ಲಿಗೆ ಬೇಕಾಗಂಗಿಲ್ಲ” ಎಂದು ನಗುತ್ತ ಚಹಾ ತರಿಸಿದ್ದರು. ಆ ಒಂದು ಸಾಲು ಅವಸರದಲ್ಲಿ ಬರೆದದ್ದಲ್ಲ, ಈ ಪ್ರಶ್ನೆಯನ್ನು ಮುಂದೆ ನನಗೇ ಕೇಳಲೆಂದು ಬರೆದದ್ದು. ಸೆಟ್ ಎಂದು ಮಾರುವುದೇ ಇದಕ್ಕಾಗಿ: ಯಾವ ವಸ್ತುವಿಗೂ ಪ್ರತ್ಯೇಕ ಬೆಲೆಯಿಲ್ಲ, ನಂಬರಿಲ್ಲ, ಹೊಣೆಯಿಲ್ಲ.

ಆದ್ದರಿಂದ ಪ್ರತಿಯೊಂದು ವಸ್ತುವಿಗೂ ಬೇರೆ ಸಾಲು, ಕ್ಯಾಮೆರಾ ಮತ್ತು ಲೆನ್ಸಿಗೆ ಸೀರಿಯಲ್ ನಂಬರ್, ಮೇಲೆ ಅಂಗಡಿಯ 15 ಅಕ್ಷರಗಳ ಜಿಎಸ್‌ಟಿ ಸಂಖ್ಯೆ ಇಲ್ಲದ ಬಿಲ್ಲಿಗೆ ಹಣ ಕೊಡಬೇಡಿ. ಡಬ್ಬಿಯ ನಂಬರನ್ನು ಕ್ಯಾಮೆರಾದ ಅಡಿಯ ನಂಬರಿನೊಂದಿಗೆ ಕೌಂಟರಿನಲ್ಲೇ ಹೋಲಿಸಿ. ಬ್ಯಾಗಿನ ಫ್ರೇಮನ್ನು ಹೊರಗೆಳೆದು ತೋರಿಸಲು ಹೇಳಿ, ನಿಮ್ಮ ಸಾಮಾನನ್ನೇ ತುಂಬಿ ಸೊಂಟಪಟ್ಟಿ ಬಿಗಿದು ಅಂಗಡಿಯಲ್ಲೇ ನಡೆದಾಡಿ. ಕಾರ್ಡನ್ನು ಕಾಡಿಗೆ ಒಯ್ಯುವ ಮುನ್ನ ಎಚ್‌2ಟೆಸ್ಟ್‌ಡಬ್ಲ್ಯು ತಂತ್ರಾಂಶದಿಂದ ಪೂರ್ತಿ ತುಂಬಿಸಿ ಪರೀಕ್ಷಿಸಿ.

“ಮಾರಿದ ಮಾಲು ವಾಪಸಿಲ್ಲ” ಎಂಬ ಗೋಡೆಯ ಬರಹಕ್ಕೂ ಹೆದರಬೇಡಿ. ದೋಷವಿರುವ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿರದಿದ್ದರೆ 30 ದಿನಗಳೊಳಗೆ, ವಾಪಸು ಪಡೆಯದಿರುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನುಚಿತ ವ್ಯಾಪಾರವೆಂದೇ ಕರೆದಿದೆ. ಸಹಾಯವಾಣಿ 1915. ಐದು ಲಕ್ಷದವರೆಗಿನ ದೂರಿಗೆ ಜಿಲ್ಲಾ ಆಯೋಗದಲ್ಲಿ ಶುಲ್ಕವಿಲ್ಲ.

ದೂರು ಕೊಟ್ಟ ಮೇಲೆ ಅಂಗಡಿಯವರು, “ಬ್ಯಾಗ್ ಬದಲಿ ಮಾಡಿ ಕೊಡ್ತೀವಿ, ಕೇಸ್ ವಾಪಸ್ ತಗೋರಿ” ಎಂದು ಸಂದೇಶ ಕಳಿಸಿದ್ದಾರೆ. ಬದಲಿಗೆ ಕೊಡುವುದು ಯಾವ ಬ್ಯಾಗು ಎಂದು ಕೇಳಿದರೆ ಅದೇ ಬ್ಯಾಗಿನ ಫೋಟೊ ಬಂತು. ನಾನು ಕೇಸ್ ವಾಪಸು ಪಡೆಯುವುದಿಲ್ಲ.