ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೋ ನೇರ ವಿಮಾನ: ಅಮ್ಮನ ಜೊತೆ ಓಡಾಡಿದ ಅನುಭವ

ನಾನಿರುವುದು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರದ ಸನ್ನಿವೇಲ್‌ನಲ್ಲಿ, ಅಮ್ಮ ಇರುವುದು ಶಿವಮೊಗ್ಗದಲ್ಲಿ. 2022ರ ಕೊನೆಯಿಂದ 2024ರವರೆಗೆ ಏರ್ ಇಂಡಿಯಾದ ನೇರ ವಿಮಾನದಲ್ಲಿ ಅಮ್ಮ ಎರಡು ಸಲ, ನಾನು ಮೂರು ಸಲ ಹೋಗಿಬಂದಿದ್ದೇವೆ. ಅದಕ್ಕೂ ಮುಂಚೆ ನಡುವೆ ವಿಮಾನ ಬದಲಿಸಿಯೇ ಬರುತ್ತಿದ್ದೆವು. ಎರಡನ್ನೂ ಕಂಡವಳಾಗಿ ಹೇಳುತ್ತೇನೆ: ವಯಸ್ಸಾದವರಿಗೆ ಟಿಕೆಟ್ ಮಾಡಿಸುವಾಗ ದುಡ್ಡು ಸ್ವಲ್ಪ ಜಾಸ್ತಿಯಾದರೂ ನೇರ ವಿಮಾನವನ್ನೇ ಹುಡುಕಿ.

ದೂರ ಸುಮಾರು 14,000 ಕಿಲೋಮೀಟರ್. 2021ರ ಜನವರಿಯಲ್ಲಿ ಈ ಮಾರ್ಗದ ಮೊದಲ ವಿಮಾನವನ್ನು ಮಹಿಳಾ ಪೈಲಟ್‌ಗಳೇ ಉತ್ತರ ಧ್ರುವದ ಮೇಲಿಂದ ಬೆಂಗಳೂರಿಗೆ ತಂದರು. ಗೋಡೆಯ ಮ್ಯಾಪ್ ನೋಡಿದರೆ ಇದು ಅರ್ಥವಾಗುವುದಿಲ್ಲ. ಗ್ಲೋಬ್ ಮೇಲೆ ಎರಡೂ ಊರುಗಳ ನಡುವೆ ಒಂದು ದಾರ ಬಿಗಿಯಾಗಿ ಎಳೆದು ನೋಡಿ, ಅದು ತಾನಾಗಿ ಉತ್ತರದ ಕಡೆ ಸರಿಯುತ್ತದೆ.

ಹೋಗುವಾಗ ಹತ್ತಿರ ಹತ್ತಿರ 16 ಗಂಟೆ. ಬರುವಾಗ 17 ದಾಟುತ್ತಿತ್ತು. ಹೋಗುವಾಗ ಧ್ರುವದ ಕಡೆಗಲ್ಲ, ಹೆಚ್ಚಾಗಿ ಪೆಸಿಫಿಕ್ ಮೇಲೆ; ಅಲ್ಲಿ ತುಂಬಾ ಎತ್ತರದಲ್ಲಿ ಪೂರ್ವಕ್ಕೆ ಜೋರಾಗಿ ಬೀಸುವ ಜೆಟ್ ಸ್ಟ್ರೀಮ್ ಗಾಳಿ ಬೆನ್ನು ತಳ್ಳುತ್ತದೆ, ಬರುವಾಗ ಆ ಸಹಾಯ ಇಲ್ಲ. ಚಳಿಗಾಲದಲ್ಲಿ ಅಲ್ಲಿನ ಗಡಿಯಾರ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. ಹಾಗಾಗಿ ಮಧ್ಯಾಹ್ನ ಹೊರಟರೆ ಅದೇ ತಾರೀಕಿನ ಸಂಜೆ ಇಳಿಯುತ್ತಿದ್ದೆವು. ವಾಪಸ್ ಬರುವಾಗ ಶುಕ್ರವಾರ ರಾತ್ರಿ ಹತ್ತಿದೆವು, ಇಳಿದಾಗ ಭಾನುವಾರ ಬೆಳಗಿನ ಜಾವ. ಅಮ್ಮನಿಗೆ ಶನಿವಾರ ಒಪ್ಪೊತ್ತು. "ಶನಿವಾರ ಎಲ್ಲಿಂದ ಎಲ್ಲಿವರೆಗೆ?" ಎಂದು ಕೇಳಿದರು. ನನಗೂ ಹೇಳಲು ಬರಲಿಲ್ಲ. ದಾರಿಯುದ್ದಕ್ಕೂ ಬಾಳೆಹಣ್ಣು, ಮಜ್ಜಿಗೆಯಲ್ಲೇ ಇದ್ದರು.

ಆದರೆ ಟಿಕೆಟ್ ಸೈಟ್ ತೋರಿಸುವ ಹಾರಾಟದ ಗಂಟೆಗಳನ್ನಷ್ಟೇ ಲೆಕ್ಕ ಹಾಕಬೇಡಿ. ಶಿವಮೊಗ್ಗದಿಂದ ದೇವನಹಳ್ಳಿಗೆ ತುಮಕೂರು ರಸ್ತೆಯ ಟ್ರಾಫಿಕ್ ಸೇರಿ ಏಳು ಗಂಟೆ. ಅಲ್ಲಿ ಮೂರು ಗಂಟೆ ಮುಂಚೆ ಇರಬೇಕು. ಇಳಿದ ಮೇಲೆ ಇಮಿಗ್ರೇಷನ್ ಸಾಲು, ಲಗೇಜು. ಮನೆಯಿಂದ ಮನೆಗೆ ನಮಗೆ 28 ಗಂಟೆ.

2019ರಲ್ಲಿ ಅಮ್ಮ ಒಬ್ಬರೇ ಬಂದಿದ್ದರು, ಗಲ್ಫ್‌ನಲ್ಲಿ ವಿಮಾನ ಬದಲಿಸಿ. ಮೊದಲನೆಯದು ತಡವಾಯಿತು, ಎರಡನೆಯದು ತಪ್ಪಿಹೋಯಿತು. ಒಂಬತ್ತು ಗಂಟೆ ಕುರ್ಚಿಯ ಮೇಲೆ ಕೂತಿದ್ದರು. ಕೈಯಲ್ಲಿ ನಾನು ಕನ್ನಡದಲ್ಲಿ ಬರೆದುಕೊಟ್ಟ ಚೀಟಿ. ಅದರಲ್ಲಿದ್ದ ಗೇಟ್ ನಂಬರ್ ಅಷ್ಟು ಹೊತ್ತಿಗೆ ಬದಲಾಗಿತ್ತು. ಮಂಗಳೂರು ಕಡೆಯ ಕ್ಲೀನಿಂಗ್ ಹುಡುಗನೊಬ್ಬ ಕನ್ನಡ ಚೀಟಿ ನೋಡಿ ಮಾತಾಡಿಸಿ, ಹೊಸ ಗೇಟ್‌ವರೆಗೂ ಕರೆದುಕೊಂಡು ಹೋಗಿ ಕೂರಿಸಿದ. ಅವನು ಎಲ್ಲಿದ್ದರೂ ಚೆನ್ನಾಗಿರಲಿ. ಮನೆಗೆ ಬಂದಾಗ ಅಮ್ಮನ ಡಬ್ಬಿಯ ಕೋಡುಬಳೆ ಹಾಗೇ ಇತ್ತು, ಒಂದನ್ನೂ ತಿಂದಿರಲಿಲ್ಲ.

ನೇರ ವಿಮಾನದಲ್ಲಿ ಈ ಭಯ ಇಲ್ಲ. ಹತ್ತಿಸಿದರೆ ಆಯ್ತು, ಇಳಿಯುವುದು ಮಗಳ ಊರಲ್ಲೇ. ಕಷ್ಟ ಕಾಲಿಗೆ ಮಾತ್ರ. ನಡುದಾರಿಯ ಪಕ್ಕದ ಸೀಟನ್ನೇ ಹಿಡಿಯಿರಿ, ಎರಡು ಗಂಟೆಗೊಮ್ಮೆ ಎಬ್ಬಿಸಿ ನಡೆಸಿ. ಗಾಲಿಕುರ್ಚಿ ಬೇಕೆಂದು ಬುಕಿಂಗ್‌ನಲ್ಲೇ ಬರೆಸಿ. ಮೊದಲ ಸಲ ಇಳಿಯುವಾಗ ಅಮ್ಮನ ಪಾದ ಊದಿ ಚಪ್ಪಲಿ ಹತ್ತಲೇ ಇಲ್ಲ, ಸಾಕ್ಸ್‌ನಲ್ಲೇ ಹೊರಗೆ ಬಂದರು. ಎರಡನೇ ಸಲ ಒಂದು ಸೈಜ್ ದೊಡ್ಡ ಚಪ್ಪಲಿ ಕೊಂಡೆವು.