ಎಲೆ ಪಾಠಕ್ಕೆ ಚೀಟಿ, ಕೋನದ ಪಾಠಕ್ಕೆ ಕಂಪ್ಯೂಟರ್

ಪ್ರಾಥಮಿಕ ಶಾಲೆಯಲ್ಲಿ ಕಂಪ್ಯೂಟೇಷನಲ್ ಥಿಂಕಿಂಗ್ (ಸಮಸ್ಯೆಯನ್ನು ಸಣ್ಣ, ಸ್ಪಷ್ಟ ಹೆಜ್ಜೆಗಳಾಗಿ ಒಡೆದು ಬಿಡಿಸುವ ಯೋಚನೆಯ ರೀತಿ) ಅಂದ ಕೂಡಲೇ ಹೆಚ್ಚಿನವರ ಕಣ್ಣಮುಂದೆ ಬರುವುದು ಕಂಪ್ಯೂಟರ್ ಲ್ಯಾಬ್. ನಾನು ಕಲಿಸುವುದು ನಾಲ್ಕು, ಐದನೇ ತರಗತಿಗೆ. ಎರಡು ದಾರಿಗಳನ್ನೂ ಮಾಡಿ ನೋಡಿದ್ದೇನೆ. ಒಂದು, ಕಂಪ್ಯೂಟರ್ ಮುಟ್ಟದೆ ಚೀಟಿ, ಸೀಮೆಸುಣ್ಣದಲ್ಲಿ ಕಲಿಸುವುದು. ನ್ಯೂಜಿಲೆಂಡಿನ ಕ್ಯಾಂಟರ್ಬರಿ ವಿಶ್ವವಿದ್ಯಾಲಯದವರ 'ಸಿಎಸ್ ಅನ್‌ಪ್ಲಗ್ಡ್' ಇದಕ್ಕೆ ಹೆಸರುವಾಸಿ. ಇನ್ನೊಂದು, ಅಮೆರಿಕದ ಎಂಐಟಿ ಮೀಡಿಯಾ ಲ್ಯಾಬ್ 2007ರಲ್ಲಿ ಹೊರತಂದ ಸ್ಕ್ರ್ಯಾಚ್. ಇದರಲ್ಲಿ ಮಕ್ಕಳು ಆಜ್ಞೆಯ ಬ್ಲಾಕ್‌ಗಳನ್ನು ಜೋಡಿಸಿ ಕಂಪ್ಯೂಟರ್ ಪ್ರೋಗ್ರಾಂ ಮಾಡುತ್ತಾರೆ. ಎರಡಕ್ಕೂ ದುಡ್ಡು ಕೊಡಬೇಕಿಲ್ಲ. ಯಾವುದು ಒಳ್ಳೆಯದು ಅಂತ ಸಹೋದ್ಯೋಗಿಗಳು ಕೇಳಿದರೆ, ಯಾವ ಪಾಠಕ್ಕೆ ಅಂತ ನಾನು ಮೊದಲು ಕೇಳುತ್ತೇನೆ.

ಪರಿಸರ ಅಧ್ಯಯನಕ್ಕೆ ಚೀಟಿಯೇ ಮೇಲು. ಬೇವು, ಹುಣಸೆ, ಹೊಂಗೆ, ಮಾವು, ದಾಸವಾಳ, ಹಲಸು, ಹೀಗೆ ಆರು ಬಗೆಯ ಎಲೆ ತರಿಸುತ್ತೇನೆ. ಹೌದು ಅಥವಾ ಇಲ್ಲ ಅಂತಷ್ಟೇ ಉತ್ತರ ಬರುವ ಪ್ರಶ್ನೆ ಬರೆದು, ಒಂದೊಂದೇ ಎಲೆಯನ್ನು ಬೇರೆ ಮಾಡಬೇಕು. ಮೊದಲ ಪ್ರಶ್ನೆ ಹೆಚ್ಚಾಗಿ 'ಎಲೆ ದೊಡ್ಡದಾ?' ಅಂತಲೇ ಇರುತ್ತದೆ. ಒಬ್ಬಳು ಹೌದು ಅಂತಾಳೆ, ಪಕ್ಕದವನು ಇಲ್ಲ ಅಂತಾನೆ. ಜಗಳ ಶುರು. ನಾನು ಬಿಡಿಸಲು ಹೋಗುವುದಿಲ್ಲ, ಯಾಕೆಂದರೆ ಕಲಿಕೆ ಆಗುವುದು ಅಲ್ಲೇ. ಸ್ವಲ್ಪ ಹೊತ್ತಿಗೆ ಅವರೇ ಪ್ರಶ್ನೆ ತಿದ್ದುತ್ತಾರೆ: 'ಒಂದೇ ಕಡ್ಡಿಯಲ್ಲಿ ಹಲವು ಪುಟ್ಟ ಎಲೆಗಳಿವೆಯಾ?' ಬೇವು, ಹುಣಸೆ, ಹೊಂಗೆ ಒಂದು ಕಡೆ ಹೋದವು. ಉಳಿದ ಮೂರು ಇನ್ನೊಂದು ಕಡೆ. 'ಅಂಚು ಗರಗಸದ ಹಾಗಿದೆಯಾ?' ಅಂದರೆ ಈ ಕಡೆಯಿಂದ ಬೇವು, ಆ ಕಡೆಯಿಂದ ದಾಸವಾಳ ಬೇರೆಯಾಗುತ್ತದೆ. ಮೂರು ಪ್ರಶ್ನೆಯೊಳಗೆ ಆರರಲ್ಲಿ ಯಾವ ಎಲೆಯಾದರೂ ಸಿಗುತ್ತದೆ. ಗಣಿತದ ಪೀರಿಯಡ್‌ನಲ್ಲಿ ಇದೇ ಉಪಾಯ ಹಿಡಿದು, 1ರಿಂದ 100ರೊಳಗೆ ಮನಸ್ಸಿನಲ್ಲಿಟ್ಟ ಸಂಖ್ಯೆಯನ್ನು ಏಳು ಪ್ರಶ್ನೆಯಲ್ಲಿ ಪತ್ತೆ ಮಾಡುತ್ತಾರೆ. ಪ್ರತಿ ಸಲ ಅರ್ಧಕ್ಕೆ ಇಳಿಸುತ್ತಾ ಹೋದರೆ ಆಯಿತು.

ಎಲೆ ಪಾಠವನ್ನು ಸ್ಕ್ರ್ಯಾಚ್‌ನಲ್ಲೂ ಮಾಡಿಸಿದೆ. ಪ್ರಶ್ನೆ ಟೈಪ್ ಮಾಡುವುದರಲ್ಲೇ ಪೀರಿಯಡ್ ಮುಗಿಯಿತು. ಎಲೆಗಳು ಕೀಬೋರ್ಡ್ ಪಕ್ಕದಲ್ಲಿ ಸುಮ್ನೆ ಬಿದ್ದಿದ್ದವು, ಯಾರೂ ಮುಟ್ಟಿ ನೋಡಲಿಲ್ಲ. ವಿಜ್ಞಾನ ಕಲಿಯಲು ಬಂದ ಮಗು ಎಲೆ ಮುಟ್ಟದಿದ್ದರೆ ಹೇಗೆ?

ಕೋನದ ಪಾಠಕ್ಕೆ ಬಂದರೆ ನನ್ನ ಮತ ಪೂರ್ತಿ ಸ್ಕ್ರ್ಯಾಚ್ ಕಡೆಗೆ. ಮೊದಲು ಕಂಪ್ಯೂಟರ್ ಇಲ್ಲದೆ ಮಾಡಿದರೆ ಏನಾಗುತ್ತದೆ ನೋಡಿ. ಅಂಗಳದಲ್ಲಿ ಒಬ್ಬ ಹುಡುಗನನ್ನು ರೋಬೋಟ್ ಮಾಡಿ, ಉಳಿದವರು ಆಜ್ಞೆ ಕೊಟ್ಟು ಸಮಬಾಹು ತ್ರಿಭುಜ ನಡೆಸಬೇಕು. 'ಐದು ಹೆಜ್ಜೆ ಮುಂದೆ, 60 ಡಿಗ್ರಿ ತಿರುಗು', ಹೀಗೆ ಮೂರು ಸಲ. ಆಜ್ಞೆ ತಪ್ಪು. ಆದರೆ ತ್ರಿಭುಜ ಆಗಬೇಕು ಅಂತ ಹುಡುಗನಿಗೆ ಗೊತ್ತಲ್ವಾ, ಹೇಗೋ ತಿರುಗಿ ಹೊರಟ ಜಾಗಕ್ಕೇ ಬಂದು ನಿಲ್ಲುತ್ತಾನೆ. ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ, ತಪ್ಪು ಮುಚ್ಚಿಹೋಗುತ್ತದೆ.

ಸ್ಕ್ರ್ಯಾಚ್‌ನ ಪರದೆಯಲ್ಲಿ ಆಜ್ಞೆಯಂತೆ ನಡೆಯುವ ಬೆಕ್ಕಿಗೆ ಆ ದಾಕ್ಷಿಣ್ಯ ಇಲ್ಲ. 60 ಅಂದರೆ 60 ತಿರುಗಿ, ಅರ್ಧ ಷಡ್ಭುಜ ಎಳೆದು ನಿಲ್ಲುತ್ತದೆ. 'ಮಿಸ್, ಇದು ಕೂಡಲೇ ಇಲ್ಲ!' ಆಗ ಮಕ್ಕಳು ಎದ್ದು ನಿಂತು ತಾವೇ ತಿರುಗಿ ನೋಡುತ್ತಾರೆ. ಒಳಗಿನ ಕೋನ 60 ಇದ್ದರೂ ತಿರುಗಬೇಕಾದದ್ದು ಹೊರಗಿನ 120. ಪೂರ್ತಿ ಸುತ್ತು 360, ಅದನ್ನು ಮೂರು ತಿರುವಿಗೆ ಹಂಚಬೇಕು. ಇದು ಹೊಳೆದ ಮೇಲೆ ಚೌಕಕ್ಕೆ 90, ಐದು ಬದಿಗೆ 72 ಅಂತ ನಾನು ಹೇಳದೆಯೇ ಭಾಗಿಸುತ್ತಾರೆ. ಏಳು ಬದಿಗೆ 51 ಬಂದು ಶೇಷ 3 ಉಳಿಯುತ್ತದೆ. ಶೇಷ ಬಿಟ್ಟು 51 ಅಂತಲೇ ಹಾಕಿದರೆ ಆಕೃತಿಯ ತುದಿಗಳು ಸರಿಯಾಗಿ ಸೇರುವುದಿಲ್ಲ, ಸಣ್ಣ ಸಂದು ಕಾಣುತ್ತದೆ. ಭಾಗಾಕಾರದ ಶೇಷ ಕಣ್ಣಿಗೆ ಕಾಣುವುದು ಅಂದರೆ ಇದೇ. ಹೀಗೆ ಆಜ್ಞೆ ಕೊಟ್ಟು ಚಿತ್ರ ಬರೆಸುವ ಉಪಾಯ ಹೊಸದೇನಲ್ಲ, ಮೊದಲು ಬೆಕ್ಕಿನ ಜಾಗದಲ್ಲಿ 'ಆಮೆ' ಇತ್ತು. ಗಣಿತಜ್ಞ ಸೀಮೋರ್ ಪಾಪರ್ಟ್ ಮತ್ತು ಅವರ ಜೊತೆಗಾರರು 1967ರಲ್ಲಿ ಮಕ್ಕಳಿಗಾಗಿ ಶುರು ಮಾಡಿದ ಲೋಗೋ ಎಂಬ ಕಂಪ್ಯೂಟರ್ ಭಾಷೆಯಿಂದ ಬೆಳೆದದ್ದು.

ಹಂತ ಹಂತವಾಗಿ ಆಡಿಸುವ ಕೋಡಿಂಗ್ ಪಜಲ್ ಆ್ಯಪ್ ಒಂದನ್ನೂ ಕೊಟ್ಟು ನೋಡಿದೆ. ಮಕ್ಕಳಿಗೆ ತುಂಬಾ ಇಷ್ಟವಾಯಿತು. ಆದರೆ ಅದರಲ್ಲಿ ನಮ್ಮ ಗಣಿತವೂ ಇರಲಿಲ್ಲ, ವಿಜ್ಞಾನವೂ ಇರಲಿಲ್ಲ. ಪಾಠದ ಜೊತೆ ಬೆರೆಯದ ಮೇಲೆ ನನಗೆ ಬೇಡ.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಕೋಡಿಂಗ್ ಅನ್ನು ಮಿಡ್ಲ್ ಹಂತಕ್ಕೆ, ಅಂದರೆ ಆರನೇ ತರಗತಿಯಿಂದ ಇಟ್ಟಿದೆ. ಅದಕ್ಕಿಂತ ಚಿಕ್ಕವರಿಗೆ ದಿನಾ ಲ್ಯಾಬ್ ಬೇಕಿಲ್ಲ. ಕೋನದ ಪಾಠಕ್ಕೆ ಇಡೀ ತರಗತಿಗೆ ಒಂದೇ ಲ್ಯಾಪ್‌ಟಾಪ್ ಇದ್ದರೂ ನಡೆಯುತ್ತದೆ. ಸ್ಕ್ರ್ಯಾಚ್ ಅನ್ನು ಮೊದಲೇ ಡೌನ್‌ಲೋಡ್ ಮಾಡಿಟ್ಟರೆ ಇಂಟರ್ನೆಟ್ ಕೂಡ ಬೇಡ. ಬೆಕ್ಕು ನಡೆದ ದಾರಿಯಲ್ಲಿ ಗೆರೆ ಎಳೆಯುವ ಪೆನ್ ಬ್ಲಾಕ್‌ಗಳು ಮಾತ್ರ ಮೊದಲಿಗೆ ಕಾಣುವುದಿಲ್ಲ, ಕೆಳಗೆ ಎಡಮೂಲೆಯ ಎಕ್ಸ್‌ಟೆನ್ಷನ್ ಬಟನ್ ಒತ್ತಿ ಸೇರಿಸಿಕೊಳ್ಳಬೇಕು. ರನ್ ಮಾಡುವ ಮುಂಚೆ ಬೆಕ್ಕು ಏನು ಎಳೆಯುತ್ತದೆ ಅಂತ ಪ್ರತಿ ಮಗುವೂ ನೋಟ್‌ಬುಕ್ಕಿನಲ್ಲಿ ಬರೆದಿಡಲಿ. ಆಮೇಲಷ್ಟೇ ಪ್ರೋಗ್ರಾಂ ಶುರು ಮಾಡುವ ಹಸಿರು ಬಾವುಟ ಒತ್ತಿ.