ಬೋನ್‌ಲೆಸ್ ಹಸಿ ಮಾಂಸ ಮಾತ್ರ ಹಾಕಿ ಬೆಕ್ಕಿನ ಮರಿ ಸಾಕಬೇಡಿ

ಕಾರವಾರದಲ್ಲಿ ಬೆಕ್ಕು ಸಾಕುವವರ ವಾಟ್ಸಾಪ್‌ನಲ್ಲಿ ಈಗ 'ಸಹಜ ಆಹಾರ'ದ ಫೋಟೋ ಓಡಾಡುತ್ತಿದೆ. ಪುಟ್ಟ ಪ್ಲಾಸ್ಟಿಕ್ ಡಬ್ಬಿ, ಒಳಗೆ ಕತ್ತರಿಸಿದ ಹಸಿ ಕೋಳಿ ಮಾಂಸ, ಮೇಲೆ ಒಂದೆರಡು ತುಂಡು ಲಿವರ್. 'ಕಾಡಿನಲ್ಲಿ ಬೆಕ್ಕು ಅನ್ನ ತಿನ್ನುತ್ತಾ? ಇದೊಂದೇ ಸಾಕು, ಬೇರೇನೂ ಹಾಕಬೇಡಿ' ಎಂದು ಕೆಳಗೆ ಬರೆದಿರುತ್ತದೆ. ನಮ್ಮನೆ ಮರಿಗೆ ಹಾಲು ಬಿಟ್ಟ ಮೇಲೆ ಸಿಕ್ಕಿದ್ದು ಇದೇ. ಅದರ ಗತಿ ಏನಾಯ್ತು ಅಂತ ಬರೆಯುತ್ತಿದ್ದೇನೆ. ಮರಿ ಇದ್ದವರು ದಯವಿಟ್ಟು ಪೂರ್ತಿ ಓದಿ.

ಶುರುವಿನಲ್ಲಿ ಎಲ್ಲ ಚೆನ್ನಾಗಿತ್ತು. ಕೂದಲು ಮಿಂಚುತ್ತಿತ್ತು, ಮೈ ತುಂಬಿಕೊಂಡಿತ್ತು. ನೋಡಿದವರೆಲ್ಲ 'ಏನ್ ಹಾಕ್ತೀರಿ?' ಎಂದು ಕೇಳುವಷ್ಟು. ಆಮೇಲೆ ಕಪಾಟಿನ ಮೇಲೆ ಹಾರುವುದು ನಿಂತಿತು. ಮಂಚ ಹತ್ತಲು ಚಾದರಕ್ಕೆ ಉಗುರು ಹಾಕಿ ಜೋತು ಬೀಳುತ್ತಿತ್ತು, ಹತ್ತಲಾಗದೆ ಕೆಳಗೇ ಕೂರುತ್ತಿತ್ತು. ಎತ್ತಿಕೊಂಡರೆ ಕೂಗು. ಸೊಂಟದ ಮೇಲೆ ಕೈಯಾಡಿಸಿದರೆ ತಿರುಗಿ ಕಚ್ಚಲು ಬರುತ್ತಿತ್ತು. ಈ ಡಬ್ಬಿ ಮಾರುವವರಿಗೆ ಫೋನ್ ಮಾಡಿದರೆ, 'ಹಾರುವಾಗ ಉಳುಕಿರಬೇಕು. ಈ ಸಲ ಲಿವರ್ ಸ್ವಲ್ಪ ಜಾಸ್ತಿ ಹಾಕಿ ಕಳಿಸ್ತೀವಿ, ಶಕ್ತಿ ಬರುತ್ತೆ' ಎಂದರು.

ಒಂದು ಬೆಳಿಗ್ಗೆ ಗಿಡ್ಡ ಸ್ಟೂಲಿನಿಂದ ಕೆಳಗಿಳಿದಿದ್ದಷ್ಟೇ, ಹಿಂಗಾಲು ಊರಲೇ ಇಲ್ಲ. ಡಾಕ್ಟರು ಕಾಲು ಮುಟ್ಟುವ ಮೊದಲೇ ಕೇಳಿದ್ದು, 'ಊಟಕ್ಕೆ ಏನು ಹಾಕ್ತೀರಿ?' ಹೇಳಿದೆವು. 'ಅದು ಮಾತ್ರಾನಾ?' ಎಂದರು. ಅಣ್ಣ ಮಡಗಾಂವ್‌ನಲ್ಲಿ ಇರುವುದರಿಂದ ಎಕ್ಸ್‌ರೇ ಅಲ್ಲೇ ತೆಗೆಸಿದೆವು. ಗಟ್ಟಿ ಮೂಳೆ ಎಕ್ಸ್‌ರೇಯಲ್ಲಿ ಬೆಳ್ಳಗೆ ಎದ್ದು ಕಾಣಬೇಕು. ನಮ್ಮ ಮರಿಯದ್ದು ಸುತ್ತಲಿನ ಮಾಂಸದ ಬೂದು ಬಣ್ಣದಲ್ಲೇ ಮಸುಕಾಗಿತ್ತು. ಅಂಚು ಮಾತ್ರ ಪೆನ್ಸಿಲ್ ಗೀರಿನಷ್ಟು ತೆಳ್ಳಗೆ ಕಾಣುತ್ತಿತ್ತು. ತೊಡೆ ಮೂಳೆ ಬಾಗಿ ಒಂದು ಕಡೆ ಸೀಳು ಬಿಟ್ಟಿತ್ತು. ಎತ್ತರದಿಂದ ಬಿದ್ದದ್ದಿಲ್ಲ, ನಾಯಿ ಕಚ್ಚಿದ್ದಿಲ್ಲ.

ಡಾಕ್ಟರು ಹೇಳಿದ್ದು ಇಷ್ಟು. ಮಾಂಸದಲ್ಲಿ ರಂಜಕ (ಫಾಸ್ಫರಸ್) ತುಂಬಾ ಇದೆ, ಕ್ಯಾಲ್ಸಿಯಂ ಇಲ್ಲವೆನ್ನುವಷ್ಟು ಕಡಿಮೆ. ಮರಿಗೆ ಎರಡೂ ಹೆಚ್ಚುಕಡಿಮೆ ಸಮವಾಗಿ, ಕ್ಯಾಲ್ಸಿಯಂ ಒಂದು ಚೂರು ಜಾಸ್ತಿಯೇ ಬೇಕು. ಬೋನ್‌ಲೆಸ್ ಮಾಂಸದಲ್ಲಿ ರಂಜಕವೇ 15-20 ಪಟ್ಟು ಹೆಚ್ಚು. ಲಿವರ್‌ನಲ್ಲಿ ಇನ್ನೂ ಹೆಚ್ಚು. ಹೃದಯ ಬಡಿಯಲು, ಸ್ನಾಯು ಆಡಲು ರಕ್ತದಲ್ಲಿ ಕ್ಯಾಲ್ಸಿಯಂ ಬೇಕೇ ಬೇಕು. ಊಟದಲ್ಲಿ ಸಿಗದಿದ್ದರೆ ಕುತ್ತಿಗೆಯಲ್ಲಿರುವ ಪ್ಯಾರಾಥೈರಾಯ್ಡ್ ಗ್ರಂಥಿ ಮೂಳೆಯಿಂದಲೇ ಎಳೆದು ರಕ್ತಕ್ಕೆ ಕೊಡುತ್ತದೆ. ಹಾಗಾಗಿ ರಕ್ತಪರೀಕ್ಷೆಯಲ್ಲಿ ಕ್ಯಾಲ್ಸಿಯಂ ಸರಿಯಾಗೇ ಇರಬಹುದು, ಮೂಳೆ ಮಾತ್ರ ಟೊಳ್ಳಾಗುತ್ತಾ ಹೋಗುತ್ತದೆ. ಬೆಳೆಯುವ ಮರಿಗಳಲ್ಲಿ ಇದು ಬೇಗ ಆಗುತ್ತದೆ.

ಇನ್ನು ಆ 'ಸಹಜ' ಅನ್ನೋ ಮಾತು. ಬೆಕ್ಕು ಇಲಿ ಹಿಡಿದರೆ ಎದೆಭಾಗ ಮಾತ್ರ ಬಿಡಿಸಿಕೊಂಡು ತಿನ್ನುತ್ತಾ? ತಲೆ, ಮೂಳೆ, ಕರುಳು ಎಲ್ಲ ಹೋಗುತ್ತೆ. ಕ್ಯಾಲ್ಸಿಯಂ ಇರುವುದು ಆ ಮೂಳೆಯಲ್ಲಿ. ನಮ್ಮ ಮೀನು ಮಾರ್ಕೆಟ್ಟಿನ ಬೆಕ್ಕುಗಳು ಬಂಗಡೆ ತಲೆ, ತಾರ್ಲೆ ಮುಳ್ಳು ತಿಂದುಕೊಂಡು ಗಟ್ಟಿಮುಟ್ಟಾಗಿ ಓಡಾಡುತ್ತಿವೆ, ನೋಡಿ. ಹಾಗಂತ ದಿನಾ ಹಸಿ ಮೀನೇ ಹಾಕಲು ಹೋಗಬೇಡಿ. ಎಷ್ಟೋ ಜಾತಿಯ ಹಸಿ ಮೀನಿನಲ್ಲಿ ಬಿ1 ವಿಟಮಿನ್ ಹಾಳುಮಾಡುವ ಕಿಣ್ವ ಇರುತ್ತದೆ. ಬೇಯಿಸಿದರೆ ಅದರ ಆಟ ನಡೆಯುವುದಿಲ್ಲ. ಬಿ1 ಕಡಿಮೆಯಾದ ಬೆಕ್ಕು ಊಟ ಬಿಡುತ್ತದೆ, ತೂರಾಡುತ್ತದೆ, ತಲೆ ಎದೆಯ ಕಡೆ ಬಾಗುತ್ತದೆ. ಹಾಗೆ ಕಂಡರೆ ಅವತ್ತೇ ಡಾಕ್ಟರ ಹತ್ತಿರ ಓಡಿ.

'ಕಂಪನಿ ಪ್ಯಾಕೆಟ್ ವಿಷ' ಅಂತಲೂ ಈ ಡಬ್ಬಿ ಮಾರುವವರು ಹೆದರಿಸುತ್ತಾರೆ. ಪ್ಯಾಕೆಟ್‌ನಲ್ಲೂ ತಪ್ಪಾಗಿದ್ದು ನಿಜ. ಬೆಕ್ಕಿನ ಹೃದಯ ಹಿಗ್ಗುವ ಕಾಯಿಲೆಗೆ ಟಾರಿನ್ ಎಂಬ ಪೋಷಕಾಂಶದ ಕೊರತೆ ಕಾರಣ ಎಂದು 1987ರಲ್ಲಿ ಅಮೆರಿಕದ ಸಂಶೋಧಕರು ತೋರಿಸಿದರು. ಆ ಬೆಕ್ಕುಗಳು ತಿನ್ನುತ್ತಿದ್ದದ್ದು ಅಂಗಡಿಯ ಆಹಾರವನ್ನೇ. ಆಮೇಲೆ ಕಂಪನಿಗಳು ಟಾರಿನ್ ಹೆಚ್ಚಿಸಿದವು. ಅಳೆದು ನೋಡಿದ್ದರಿಂದ ಆ ತಪ್ಪು ಸಿಕ್ಕಿತು. ಈ ಡಬ್ಬಿಯಲ್ಲಿ ಏನು ಎಷ್ಟಿದೆ ಎಂದು ಕೇಳಿದರೆ ಹೇಳುವವರೇ ಇಲ್ಲ.

ಹಸಿ ಅನ್ನೋದರ ತಾಪತ್ರಯ ಬೇರೆ. ಡಬ್ಬಿ ಬರುವುದು ಥರ್ಮಾಕೋಲ್ ಪೆಟ್ಟಿಗೆಯಲ್ಲಿ, ಬಸ್ಸಿನ ಮೇಲೆ. ಜೂನ್-ಜುಲೈಯಲ್ಲಿ ನಮ್ಮಲ್ಲಿ ಕರೆಂಟ್ ಹೇಗಿರುತ್ತೆ ಅಂತ ಗೊತ್ತಲ್ವಾ? ಫ್ರೀಜರ್‌ನಲ್ಲಿ ಕರಗಿ ಮತ್ತೆ ಗಟ್ಟಿಯಾದ ಕೋಳಿ ಮಾಂಸದಲ್ಲಿ ಸಾಲ್ಮೊನೆಲ್ಲಾ ಎಂಬ ರೋಗಾಣು ಬೆಳೆದಿರಬಹುದು. ಫ್ರೀಜ್ ಮಾಡಿದರೆ ಅದು ಸಾಯುತ್ತೆ ಎಂದು ನಂಬಬೇಡಿ. ಬಟ್ಟಲು ತೊಳೆಯುವವರಿಗೂ ತಗುಲಬಹುದು. 2024ರ ಕೊನೆಯಲ್ಲಿ ಅಮೆರಿಕದ ಆರೆಗಾನ್‌ನಲ್ಲಿ ಹಸಿ ಆಹಾರದ ಪ್ಯಾಕೆಟ್‌ನಿಂದ ಹಕ್ಕಿಜ್ವರ ಹತ್ತಿ ಮನೆಬೆಕ್ಕೊಂದು ಸತ್ತಿತು. ಆ ಪ್ಯಾಕೆಟ್ ಕೂಡ ಫ್ರೀಜ್ ಮಾಡಿದ್ದೇ.

ನಮ್ಮ ಮರಿ ಉಳಿಯಿತು. ಪಂಜರದಲ್ಲಿಟ್ಟು, ಹಾರಲು ಬಿಡದೆ, ಮರಿಗಳಿಗೆಂದೇ ಮಾಡಿದ ಸಂಪೂರ್ಣ ಆಹಾರ ಕೊಟ್ಟೆವು. ಸುಮ್ನೆ ಕ್ಯಾಲ್ಸಿಯಂ ಸಿರಪ್ ಸುರಿಯಬೇಡಿ, ಜಾಸ್ತಿಯಾದರೂ ತೊಂದರೆ ಎಂದು ಡಾಕ್ಟರು ಎಚ್ಚರಿಸಿದ್ದರು. ವಾರಗಳು ಕಳೆದಂತೆ ಮೂಳೆ ಗಟ್ಟಿಯಾಯಿತು. ಹಿಂಗಾಲು ಮಾತ್ರ ಸೊಟ್ಟಗೇ ಕೂಡಿಕೊಂಡಿದೆ. ಸೊಂಟದ ಮೂಳೆಯೂ ಕಿರಿದಾಗಿರುವುದರಿಂದ ಕಕ್ಕ ಮಾಡಲು ತಿಣುಕುತ್ತದೆ. ಹೆಣ್ಣು ಮರಿ ಬೇರೆ. ಗಬ್ಬವಾದರೆ ಹೆರಿಗೆ ಕಷ್ಟ, ಮರಿಯಾಗದಂತೆ ಆಪರೇಷನ್ ಮಾಡಿಸಿಬಿಡಿ ಎಂದು ಡಾಕ್ಟರು ಹೇಳಿದ್ದಾರೆ.

ಎಕ್ಸ್‌ರೇ ಫೋಟೋ ಮಾರುವವರಿಗೆ ಕಳಿಸಿದೆ. 'ಮೊಟ್ಟೆಸಿಪ್ಪೆ ಪುಡಿ ಸೇರಿಸಬೇಕಿತ್ತು, ನಿಮಗೆ ಗೊತ್ತಿರಬೇಕಿತ್ತಲ್ಲ' ಎಂದು ಉತ್ತರ ಬಂತು. ಅದೇ ಚಾಟ್‌ನಲ್ಲಿ ಸ್ವಲ್ಪ ಮೇಲೆ ಅವರೇ ಕಳಿಸಿದ 'ಬೇರೇನೂ ಹಾಕಬೇಡಿ' ಇನ್ನೂ ಇತ್ತು. ಅದನ್ನು ತೋರಿಸಿದ್ದಕ್ಕೆ ಬ್ಲಾಕ್ ಮಾಡಿದರು. ಈಗ ಅಂಕೋಲಾ, ಸಿರಸಿಗೂ ಡೆಲಿವರಿ ಶುರುವಾಗಿದೆಯಂತೆ. ತರಿಸುವ ಯೋಚನೆ ಇದ್ದರೆ ಕ್ಯಾಲ್ಸಿಯಂ, ರಂಜಕ, ಟಾರಿನ್ ಎಷ್ಟೆಷ್ಟಿದೆ ಎಂದು ಬರಹದಲ್ಲಿ ಕೇಳಿ. ಈಗಾಗಲೇ ಹಾಕುತ್ತಿದ್ದು ಮರಿ ಹಾರುವುದು ಬಿಟ್ಟಿದ್ದರೆ, ಕುಂಟುವವರೆಗೆ ಕಾಯದೆ ಎಕ್ಸ್‌ರೇ ತೆಗೆಸಿ.